ಬೀಗರು ಮೆಚ್ಚಿದ ಹಾಡು

ರಾಯಚೂರು
೧೨ ಜೂನ್ ೨೦೦೦

ಚಿ. ಸೌ. ಸುವರ್ಣಾಳಿಗೆ ಅಪ್ಪ ಬೂದೆಪ್ಪನ ಆಶೀರ್ವಾದ.

ನೀನು ಗಂಡನ ಮನೆಗೆ ಹೋಗಿ ಇಪ್ಪತ್ತೆರಡು ದಿನವಾಯಿತು. ಹೈದರಾಬಾದಿನ ನೀರು ಒಗ್ಗಿತೋ ಇಲ್ಲವೋ, ಅತ್ತೆಯವರು ಹೇಗೆ, ಮನೆಯಲ್ಲಿ ರೊಟ್ಟಿಯೋ ಅನ್ನವೋ, ಇದನ್ನೆಲ್ಲ ಕೇಳು ಎಂದು ನಿಮ್ಮವ್ವ ಪಕ್ಕದಲ್ಲೇ ಕೂತು ಹೇಳುತ್ತಿದ್ದಾಳೆ. ಕೇಳಿದ್ದೇನೆ ಎಂದು ತಿಳಿದುಕೋ. ನಾನು ಮುಖ್ಯ ಮಾತಿಗೆ ಬರುತ್ತೇನೆ. ಒಂದು ಹೊಸ ಹಾಡು ಬಂದಿದೆ.

ತೀನ್ ಕಂದೀಲ್ ಚೌಕದ ಹತ್ತಿರದ ಕ್ಯಾಸೆಟ್ ಅಂಗಡಿಯವನು ಪೆಟ್ಟಿಗೆ ಒಡೆಯುವಾಗ ನಾನು ಅಲ್ಲೇ ನಿಂತಿದ್ದೆ. ಕ್ಯಾಸೆಟ್ಟನ್ನು ಈ ಪತ್ರದ ಜೊತೆ ಪಾರ್ಸೆಲ್ ಮಾಡುತ್ತಿದ್ದೇನೆ. ಎರಡನೇ ಬದಿ, ಮೂರನೇ ಹಾಡು. ಹೆಣ್ಣುಮಗಳೊಬ್ಬಳು ಒಂದು ಪ್ರಶ್ನೆ ಕೇಳುತ್ತಾಳೆ. ಯಾರೂ ಉತ್ತರ ಹೇಳುವುದಿಲ್ಲ. ಆಗ ಕೊಳಲು ಬರುತ್ತದೆ. ಅಲ್ಲಿಯವರೆಗೆ ಹಾಡಿನಲ್ಲಿ ಕೊಳಲೇ ಇರುವುದಿಲ್ಲ, ನೋಡು. ನಾನು ಗಿರಣಿಗೆ ಹೋಗುವುದನ್ನು ಬಿಟ್ಟು ನಾಲ್ಕು ಸಲ ಕೇಳಿದೆ. ತೂಕದ ಕಾಟಾದ ಮುಂದೆ ಹಂಗಾಮಿನ ಕೊನೆಯ ಹತ್ತಿ ಗಾಡಿಗಳು ಸಾಲು ನಿಂತಿದ್ದವಂತೆ.

ನೀನು ಎಂಟು ವರ್ಷದವಳಿದ್ದಾಗಿನಿಂದ ಹೊಸ ಹಾಡು ಯಾವುದೇ ಬರಲಿ, ಮೊದಲು ನಾವಿಬ್ಬರು ಕೇಳಿ ಆಮೇಲೆ ಊರಿಗೆ ಬಿಡುತ್ತಿದ್ದೆವು. ಈಗ ನೀನು ಕೇಳುವವರೆಗೆ ಇದನ್ನು ನಾನು ಯಾರಿಗೂ ಹೇಳಿಲ್ಲ. ಯಾವ ಜಾಗದಲ್ಲಿ ನಿನ್ನ ಮೈ ಜುಮ್ಮೆಂದಿತು ಎಂದು ತಪ್ಪದೆ ಬರೆ. ಫೋನಿನಲ್ಲಿ ಬೇಡ. ಬೂತಿನಲ್ಲಿ ಹತ್ತು ಜನ ಹಿಂದೆ ನಿಂತಿರುತ್ತಾರೆ, ಅಲ್ಲಿ ಹಾಡಿನ ಮಾತು ಆಗುವುದಿಲ್ಲ.

ಉತ್ತರದ ದಾರಿ ಕಾಯುವ
ಅಪ್ಪ


ಕೂಕಟ್‌ಪಲ್ಲಿ, ಹೈದರಾಬಾದ್
೨೭ ಜೂನ್ ೨೦೦೦

ಅಪ್ಪನವರಿಗೆ ಸುವರ್ಣಾಳ ನಮಸ್ಕಾರ. ಅವ್ವನಿಗೂ.

ಇಲ್ಲಿ ಎಲ್ಲ ಚೆನ್ನಾಗಿದೆ. ಮೂರನೇ ಮಹಡಿಯ ಮನೆ, ಗಾಳಿ ಬರುತ್ತದೆ, ನೀರು ದಿನ ಬಿಟ್ಟು ದಿನ. ಇವರು ಬೆಳಗ್ಗೆ ಏಳೂವರೆಗೆ ಕಂಪನಿ ಬಸ್ಸಿಗೆ ಮಾದಾಪುರಕ್ಕೆ ಹೋದರೆ ರಾತ್ರಿ ಊಟದ ಹೊತ್ತಿಗೇ ಬರುವುದು. ಅತ್ತೆಯವರಿಗೆ ಟಿವಿ ಧಾರಾವಾಹಿಯಾದರೆ ಸಾಕು. ಮಾವನವರು ನಾಚಾರಂ ಫ್ಯಾಕ್ಟರಿಯಿಂದ ಹೋದ ವರ್ಷ ನಿವೃತ್ತರಾದವರು, ಇಡೀ ದಿನ ಮನೆಯಲ್ಲೇ ಇರುತ್ತಾರೆ. ಅಪ್ಪಾ, ನಿಮಗೆ ಹೇಳಲೇಬೇಕಾದ ಮಾತು ಇದು: ಅವರ ಕೋಣೆಯ ಒಂದು ಗೋಡೆ ತುಂಬ ಕ್ಯಾಸೆಟ್ಟುಗಳಿವೆ. ಕನ್ನಡ, ಹಿಂದಿ, ತೆಲುಗು, ಎಲ್ಲ. ನಿಶ್ಚಯಕ್ಕೆ ಬಂದಾಗ ಯಾರಾದರೂ ಹೇಳಬಾರದಿತ್ತೇ.

ನಿಮ್ಮ ಪಾರ್ಸೆಲ್ ಬಿಚ್ಚುತ್ತಿದ್ದಾಗ ಅವರು ಬಂದು, "ಏನದು ಸುವರ್ಣಾ, ಹಾಡೇನು? ತಾ ಇಲ್ಲೆ, ಹಚ್ಚೋಣು" ಎಂದರು. ಇಬ್ಬರೂ ಕೂತು ಕೇಳಿದೆವು. ಕೊಳಲು ಬಂದ ಕೂಡಲೇ ಅವರು ಕೈ ಎತ್ತಿ "ತಡಿ" ಎಂದರು. ನಾನು ಬಾಯಿ ತೆರೆಯುವುದಕ್ಕೂ ಮೊದಲೇ. ಟೇಪ್ ಹಿಂದಕ್ಕೆ ಓಡಿಸಿ ಅಷ್ಟನ್ನೇ ಮತ್ತೆ ಕೇಳಿದರು. "ನಿಮ್ಮಪ್ಪನ ಕಿವಿ ಛಲೋ ಐತಿ. ಆದರ ಉಳಿದ ಏಳು ಹಾಡು ಸುಮ್ನ ತುಂಬ್ಯಾರ" ಎಂದರು. ನಿಜ ಹೇಳಬೇಕೆಂದರೆ ನನಗೂ ಹಾಗೇ ಅನಿಸಿತ್ತು.

ಆಮೇಲೆ ಅವರು ಒಂದು ತೆಲುಗು ಹಾಡು ಹಾಕಿದರು. ಹೊಸದು, ಇದೇ ತಿಂಗಳು ಬಂದದ್ದು. ನದಿ ದಾಟಿಸುವ ಅಂಬಿಗ ಹಾಡುವುದು. ಹಾಡುಗಾರನ ದನಿ ಸ್ವಲ್ಪ ಒರಟು, ಆದರೆ ಕೊನೆಗೆ ಅವನು ದನಿ ಇಳಿಸುತ್ತಾನೆ, ಅಪ್ಪಾ, ದಡ ಬಂದಿತೆಂದು ಗೊತ್ತಾಗುತ್ತದೆ. ನನಗೆ ಅರ್ಧ ಮಾತು ತಿಳಿಯಲಿಲ್ಲ, ಆದರೂ ಮೂರು ದಿನದಿಂದ ಬೇರೆ ಏನೂ ಬಾಯಿಗೆ ಬರುತ್ತಿಲ್ಲ. ರಾಯಚೂರಿನಲ್ಲಿ ಸಿಗುತ್ತದೆ. ಇವತ್ತೇ ಹೋಗಿ ತರಿಸಿ, ನೀವು ಕೇಳಲೇಬೇಕು.

ನಿಮ್ಮ ಸುವರ್ಣಾ


ರಾಯಚೂರು
೯ ಜುಲೈ ೨೦೦೦

ಚಿ. ಸುವರ್ಣಾಳಿಗೆ ಆಶೀರ್ವಾದ.

ಪತ್ರ ತಲುಪಿತು. ಬೀಗರಿಗೆ ಹಾಡಿನ ಹುಚ್ಚು ಇರುವುದು ಕೇಳಿ ಸಂತೋಷ.

ತೆಲುಗು ಹಾಡು ಕೇಳಿದೆ. ಕೆಟ್ಟದ್ದೇನಲ್ಲ. ಆದರೆ ಅದರ ಧಾಟಿ ಕದ್ದದ್ದು. ನಮ್ಮಜ್ಜ ಏಕತಾರಿ ಹಿಡಿದು ಹೇಳುತ್ತಿದ್ದ ಒಂದು ತತ್ವಪದದ ಧಾಟಿ ಅದು, ಇದ್ದ ಹಾಗೇ ಎತ್ತಿದ್ದಾರೆ. ಬೀಗರಿಗೆ ಇದು ಗೊತ್ತಿರಲಿಕ್ಕಿಲ್ಲ. ಹೇಳಬೇಡ, ನೊಂದುಕೊಂಡಾರು.

ಕೊಳಲು ಬಂದಾಗ ಬೀಗರು ಕೈ ಎತ್ತಿದ್ದನ್ನು ಬರೆದೆ. ನಿನಗೆ ಏನಾಯಿತು ಎಂದು ನಾನು ಕೇಳಿದ್ದೆ. ಅದನ್ನು ಬರೆಯಲಿಲ್ಲ.

ಇದರ ಜೊತೆ ಎರಡು ಕ್ಯಾಸೆಟ್ ಇವೆ. ಎರಡರಲ್ಲೂ ತುಂಬಿಸಿದ ಹಾಡು ಒಂದೂ ಇಲ್ಲ. ಬೀಗರಿಗೆ ಬಿಡುವಿಲ್ಲದ ಹೊತ್ತಿನಲ್ಲಿ ಕೇಳು. ಪತ್ರ ಓದಿ ಹೇಳಿದಾಗ ನಿಮ್ಮವ್ವ ನಕ್ಕಳು. "ಮಗಳನ್ನ ಕೊಟ್ಟ ಮ್ಯಾಲ ಆಕಿ ಕಿವೀನೂ ಕೊಟ್ಟಾಂಗ" ಎಂದಳು. ಅವಳ ಮಾತಿಗೆ ನೀನು ಕಿವಿಗೊಡಬೇಡ.

ಅಪ್ಪ


ಕೂಕಟ್‌ಪಲ್ಲಿ
೨೦ ಆಗಸ್ಟ್ ೨೦೦೦

ಅಪ್ಪನವರಿಗೆ ನಮಸ್ಕಾರ.

ಬರೆಯುವುದು ತಡವಾಯಿತು, ಸಿಟ್ಟಾಗಬೇಡಿ. ನನ್ನನ್ನು ಅಮೀರ್‌ಪೇಟೆಯಲ್ಲಿ ಕಂಪ್ಯೂಟರ್ ಕ್ಲಾಸಿಗೆ ಸೇರಿಸಿದ್ದಾರೆ. ಆ ಬೀದಿಯಲ್ಲಿ ಗೋಡೆ ಕಾಣುವುದಿಲ್ಲ, ಬರೀ ಕೋರ್ಸುಗಳ ಬೋರ್ಡು. ಮಾವನವರೇ ಬಸ್ಸಿನಲ್ಲಿ ಕರೆದುಕೊಂಡು ಹೋಗಿ, ಕ್ಲಾಸು ಮುಗಿಯುವವರೆಗೆ ಹಾಡಿನ ಅಂಗಡಿಯಲ್ಲಿ ಕೂತಿರುತ್ತಾರೆ. ಬರುವಾಗ ಇಬ್ಬರೂ ಹೊಸದು ಏನಾದರೂ ತರುತ್ತೇವೆ. ಇವರು ಮನೆಗೂ ಕಂಪ್ಯೂಟರ್ ತಂದಿದ್ದಾರೆ, ಅದರಲ್ಲಿ ಫೋನ್ ತಂತಿಯಿಂದ ಹಾಡು ಇಳಿಸಬಹುದು. ಒಂದು ಹಾಡಿಗೆ ಮುಕ್ಕಾಲು ಗಂಟೆ. ಮಾವನವರು ಅದರ ಮುಂದೆ ಹಾಲು ಉಕ್ಕುವುದನ್ನು ಕಾಯುವವರ ಹಾಗೆ ಕೂತಿರುತ್ತಾರೆ.

ನೀವು ಹೇಳಬೇಡ ಎಂದಿದ್ದರೂ ತತ್ವಪದದ ಸಂಗತಿ ನನ್ನ ಬಾಯಿ ತಪ್ಪಿ ಬಂದುಬಿಟ್ಟಿತು. ಅವರಿಗೆ ಬೇಜಾರಾಗಲಿಲ್ಲ. ಒಂದು ವಾರ ತಮ್ಮ ಹಳೆಯ ಕ್ಯಾಸೆಟ್ಟುಗಳನ್ನೆಲ್ಲ ಹುಡುಕಿದರು, ಇಬ್ಬರು ಭಜನೆಯವರನ್ನು ಕೇಳಿದರು. ಎಲ್ಲೂ ಸಿಗಲಿಲ್ಲ. "ಯಾವ ಪದ ಅಂತ ನಿಮ್ಮಪ್ಪಾರನ್ನ ಕೇಳು. ಅಂಥಾ ಧಾಟಿ ಕನ್ನಡದಾಗ ಇದ್ರ ನಾ ಸಾಯೋದರೊಳಗ ಕೇಳಬೇಕು" ಎನ್ನುತ್ತಿದ್ದಾರೆ. ಹೆಸರು ಬರೆಯಿರಿ.

ನಿಮ್ಮ ಎರಡು ಕ್ಯಾಸೆಟ್ಟಿನಲ್ಲಿ ನೀಲಿ ಹೊದಿಕೆಯದು ನಮಗೆ ತುಂಬ ಹಿಡಿಸಿತು. ಇನ್ನೊಂದು ಅಷ್ಟಕ್ಕಷ್ಟೆ.

ನಾನು ಇಲ್ಲಿ ಹೇಗಿರುತ್ತೇನೋ ಎಂದು ಅವ್ವ ಅಳುತ್ತಿದ್ದಳಲ್ಲ. ಇಲ್ಲಿಯೂ ಒಬ್ಬ ಅಪ್ಪ ಸಿಕ್ಕಿದ್ದಾರೆ, ಚಿಂತೆ ಬೇಡ ಎಂದು ಹೇಳಿ.

ಸುವರ್ಣಾ


ರಾಯಚೂರು
೨ ಸೆಪ್ಟೆಂಬರ್ ೨೦೦೦

ಚಿ. ಸುವರ್ಣಾಳಿಗೆ.

ಪದದ ಹೆಸರು ಮರೆತಿದೆ. ನೆನಪಾದರೆ ಬರೆಯುತ್ತೇನೆ.

ನಿಮ್ಮವ್ವನಿಗೆ ನೀನು ಹೇಳಿದ್ದನ್ನು ಹೇಳಿದೆ. ಸಮಾಧಾನಪಟ್ಟಳು.

ಗಿರಣಿಯಲ್ಲಿ ಕೆಲಸ ಬಹಳ. ಅಂಗಡಿಯ ಕಡೆ ಹೋಗಿಲ್ಲ. ಹೊಸ ಹಾಡು ಯಾವುದೂ ಇಲ್ಲ.

ಅಪ್ಪ


ಕೂಕಟ್‌ಪಲ್ಲಿ
೫ ನವೆಂಬರ್ ೨೦೦೦

ಅಪ್ಪನವರಿಗೆ ನಮಸ್ಕಾರ.

ದೀಪಾವಳಿಗೆ ಬಂದು ಹೋದ ಮೇಲೆ ಮನೆ ಕಣ್ಣಿಗೆ ಕಟ್ಟಿದ ಹಾಗಿದೆ. ಇವರು ಅವ್ವನ ಕೈಯ ಹೋಳಿಗೆಯನ್ನು ಇನ್ನೂ ಮರೆತಿಲ್ಲ.

ಒಂದು ಮಾತು ಕೇಳಲೇ? ಮೂರು ದಿನ ಇದ್ದೆವು, ನೀವು ಒಂದು ಸಲವೂ ಟೇಪ್ ಹಚ್ಚಲಿಲ್ಲ. ಬೆಲ್ಟ್ ಹರಿದಿದೆ ಎಂದಿರಿ. ನಾವು ಬರುವ ಹಿಂದಿನ ದಿನ ಸಂಜೆಯವರೆಗೂ ಹಾಡು ಕೇಳಿದಿರೆಂದು ಅವ್ವ ಹೇಳಿದಳು. ಸೆಪ್ಟೆಂಬರಿನಲ್ಲಿ ಗಿರಣಿ ಕೆಲಸ ಬಹಳ ಎಂದು ಬರೆದಿದ್ದಿರಿ, ಆಗ ಹತ್ತಿಯೇ ಬಂದಿರುವುದಿಲ್ಲವಲ್ಲ ಎಂದು ನನಗೆ ಆಮೇಲೆ ಹೊಳೆಯಿತು. ಮೈಯಲ್ಲಿ ಏನಾದರೂ ಹುಷಾರಿಲ್ಲವೇ? ಇದ್ದರೆ ಮುಚ್ಚಿಡಬೇಡಿ.

ಮಾವನವರು ನಿಮಗೆಂದು ಹತ್ತು ಹಾಡು ಆರಿಸಿ ತುಂಬಿಸಿ ಕೊಟ್ಟ ಕ್ಯಾಸೆಟ್ಟನ್ನು ನೀವು ಕಪಾಟಿನ ಮೇಲೆ ಇಟ್ಟಿರಿ. ಒಂದೊಂದು ಹಾಡಿನ ಮುಂದೆ ಅದರಲ್ಲಿ ಏನು ಕೇಳಬೇಕೆಂದು ಅವರೇ ಕೈಯಾರೆ ಬರೆದಿದ್ದಾರೆ. ಒಂದು ಇಡೀ ಭಾನುವಾರ ಕೂತರು ಅದಕ್ಕೆ. ದಿನಾ ಕೇಳುತ್ತಾರೆ, "ಬೀಗರು ಏನಂದ್ರು?" ಎಂದು. ಏನು ಹೇಳಲಿ?

ಸುವರ್ಣಾ


ರಾಯಚೂರು
೧೮ ಜನವರಿ ೨೦೦೧

ಚಿ. ಸೌ. ಸುವರ್ಣಾಳಿಗೆ ಅಪ್ಪನ ಅನೇಕ ಆಶೀರ್ವಾದಗಳು.

ಎರಡು ತಿಂಗಳು ಬರೆಯಲಿಲ್ಲ. ಮೈ ಚೆನ್ನಾಗಿದೆ. ಬೀಗರ ಹತ್ತು ಹಾಡು ಚೆನ್ನಾಗಿವೆ ಎಂದು ತಿಳಿಸು.

ಈಗ ಕೇಳು. ಇದರ ಜೊತೆಗಿರುವ ಕ್ಯಾಸೆಟ್ಟಿನಲ್ಲಿ ಇರುವುದು ಒಂದೇ ಹಾಡು. ಹೊಸದು. ಹುಬ್ಬಳ್ಳಿ ಕಡೆಯ ಯಾವುದೋ ಮೇಳದ್ದಂತೆ, ಹೊದಿಕೆ ಇಲ್ಲ, ಹೆಸರಿಲ್ಲ. ಅಂಗಡಿಯವನ ಹತ್ತಿರ ಇದ್ದದ್ದು ಇದೊಂದೇ, ನಾನು ಬಿಡಲಿಲ್ಲ. ವಾದ್ಯ ಏನೂ ಇಲ್ಲ, ಬರೀ ತಾಳ. ಒಬ್ಬ ಗಂಡಸಿನ ದನಿ. ಹೀಗೆ ಶುರುವಾಗುತ್ತದೆ:

ಗಿರಣಿ ಸದ್ದಿನಾಗ ಒಂದು ಗುಬ್ಬಿ ಮಾತಾಡಿತ
ಕೇಳವ್ರು ಯಾರಿಲ್ಲಂತ ಹತ್ತಿ ತಲಿಯಾಡಿಸಿತ

ಇಂಥ ಸಾಲು ಈಚೆಗೆ ಯಾವ ಸಿನಿಮಾದಲ್ಲಿ ಬಂದಿದೆ ಹೇಳು. ಗುಬ್ಬಿ ಏನು ಮಾತಾಡಿತು ಎಂದು ಕೊನೆಯವರೆಗೂ ಹೇಳುವುದಿಲ್ಲ, ಅದೇ ಅದರ ಸೊಗಸು. ಬರೆದವರು ಯಾರೋ ತಿಳಿಯದು. ಬಲ್ಲವರೇ ಇರಬೇಕು.

ಬೀಗರ ಜೊತೆಗೇ ಕೂತು ಕೇಳು. ಅವರು ಏನೆಂದರು ಎಂಬುದನ್ನು ಒಂದಕ್ಷರ ಬಿಡದೆ ಬರೆ. ಚೆನ್ನಾಗಿಲ್ಲ ಎಂದರೂ ಬರೆ.

ಅಪ್ಪ


ಕೂಕಟ್‌ಪಲ್ಲಿ
೬ ಫೆಬ್ರವರಿ ೨೦೦೧

ಅಪ್ಪಾ,

ಇಂಥದ್ದನ್ನು ಎಲ್ಲಿಂದ ಹುಡುಕಿದಿರಿ? ಒಂದಕ್ಷರ ಬಿಡದೆ ಬರೆ ಎಂದಿರಿ, ಬರೆಯುತ್ತೇನೆ.

ಮಾವನವರು ಮೂರು ಸಲ ಕೇಳಿದರು. ಮೊದಲ ಸಲ ಕಣ್ಣು ಮುಚ್ಚಿದ್ದರು. ಎರಡನೇ ಸಲ ಎದ್ದು ಹೋಗಿ ಅತ್ತೆಯವರ ಟಿವಿ ಆರಿಸಿ ಬಂದರು. ಮೂರನೇ ಸಲ ಮುಗಿದ ಮೇಲೆ ಹೀಗೆಂದರು: "ಮೂವತ್ತೊಂದು ವರ್ಷ ನಾ ಮಷೀನಿನ ಬಾಜೂಕ ನಿಂತೀನಿ, ಸುವರ್ಣಾ. ಒಳಗೊಳಗ ಒಬ್ಬಾವ ಮಾತಾಡಾಕತ್ತಿರ್ತಾನ. ಊಟಕ್ಕ ಬೆಲ್ ಆತಂದ್ರ ಸುಮ್ಮಾಗ್ತಾನ. ಇದನ್ನ ಬರದಾಂವ ಗಿರಣ್ಯಾಗ ಕೂಳು ತಿಂದಾಂವನ ಇರಬೇಕು. ಹೊರಗ ನಿಂತಾಂವಗ ಇದು ತಿಳಿಯಂಗಿಲ್ಲ." ಅವರ ಕಣ್ಣು ಒದ್ದೆಯಾಗಿತ್ತು. ಅವರು ಹಾಗಾಗಿದ್ದನ್ನು ನಾನು ಇದೇ ಮೊದಲು ನೋಡಿದ್ದು.

ನನಗೂ ಮೈ ಜುಮ್ಮೆಂದಿತು. ಎರಡನೇ ಸಾಲಿನಲ್ಲೇ. ಮೂರನೇ ಚರಣದ "ಏಕಾಂತ" ಎಂಬ ಪದ ಮಾತ್ರ ಸರಿ ಕೂರಲಿಲ್ಲ. ಅದು ಪುಸ್ತಕದ ಮಾತು, ಗಿರಣಿಯವರ ಬಾಯಲ್ಲಿ ಬರುವುದಲ್ಲ. ಅಷ್ಟು ಬಿಟ್ಟರೆ ಈ ವರ್ಷ ನಾವು ಕೇಳಿದ್ದರಲ್ಲೆಲ್ಲ ಇದೇ ಮೇಲು.

ಮಾವನವರು ಅಮೀರ್‌ಪೇಟೆಯ ಅಂಗಡಿಯಲ್ಲಿ ಇದನ್ನು ಹತ್ತು ಸಿಡಿ ಮಾಡಿಸಿ ಗೆಳೆಯರಿಗೆಲ್ಲ ಹಂಚಿದರು. "ಬೀಗರು ಕಳಿಸ್ಯಾರ" ಎಂದು ಹೇಳಿಕೊಂಡೇ ಹಂಚಿದರು.

ಸುವರ್ಣಾ


ರಾಯಚೂರು
೧೪ ಫೆಬ್ರವರಿ ೨೦೦೧

ಚಿ. ಸುವರ್ಣಾಳಿಗೆ ಪ್ರೀತಿಯ ಆಶೀರ್ವಾದ.

ನಿನ್ನ ಪತ್ರವನ್ನು ಗಿರಣಿಗೂ ಒಯ್ದಿದ್ದೆ. ಬೀಗರಿಗೆ ಹಾಡಿನ ಮರ್ಮ ಗೊತ್ತಿದೆ ಎಂದು ನಾನು ಮೊದಲಿನಿಂದಲೂ ಹೇಳುತ್ತಿದ್ದೇನೆ.

"ಏಕಾಂತ" ಎಂಬುದು ತಪ್ಪಲ್ಲ. ಪ್ರಾಸ ನೋಡು, ತಾಳ ನೋಡು. ಅಲ್ಲಿ ಬೇರೆ ಯಾವ ಪದ ಕೂರುತ್ತದೆ? ಬರೆದವನು ಎಂಟು ದಿನ ಯೋಚಿಸಿಯೇ ಇಟ್ಟಿರುತ್ತಾನೆ. ನೀನು ಅವಸರದಲ್ಲಿ ಕೇಳಿದ್ದೀಯ. ಇನ್ನೊಮ್ಮೆ ಕೇಳು.

ಅಪ್ಪ


ಕೂಕಟ್‌ಪಲ್ಲಿ
೪ ಏಪ್ರಿಲ್ ೨೦೦೧

ಅಪ್ಪನವರಿಗೆ ನಮಸ್ಕಾರ.

ಭಾನುವಾರ ಇಲ್ಲಿಯ ಕನ್ನಡದವರು ಸೇರಿ ಯುಗಾದಿ ಕಾರ್ಯಕ್ರಮ ಮಾಡಿದರು. ಮುನ್ನೂರು ಜನ. ಮಾವನವರು ನಿಮ್ಮ ಗುಬ್ಬಿ ಹಾಡನ್ನು ಹಾಡಿದರು. ಒಂದು ತಿಂಗಳಿನಿಂದ ಅಭ್ಯಾಸ ಮಾಡುತ್ತಿದ್ದರು, ನಿಮಗೆ ಹೇಳಬೇಡ, ಆಮೇಲೆ ಹೇಳೋಣ ಎಂದಿದ್ದರು. ಕ್ಯಾಸೆಟ್ಟಿನವನಷ್ಟು ದನಿ ಇಲ್ಲ, ಆದರೆ ಎಷ್ಟು ಮನಸ್ಸಿಟ್ಟು ಹಾಡಿದರೆಂದರೆ, ಕಟ್ಟಡದ ಕೆಲಸಕ್ಕೆ ಬಂದ ನಮ್ಮ ಕಡೆಯ ಜನ ಹಿಂದೆ ನಿಂತಿದ್ದರು, ಅವರೆಲ್ಲ ಇನ್ನೊಮ್ಮೆ ಹಾಡಿಸಿದರು.

ಮೈಕಿನವರು "ರಚನೆ ಮತ್ತು ಗಾಯನ, ಗುರುಬಸವಪ್ಪನವರು" ಎಂದುಬಿಟ್ಟರು. ಮಾವನವರು ನಕ್ಕು ಸುಮ್ಮನಾದರು. ಈಗ ಎಲ್ಲರೂ ಅವರನ್ನು ಕವಿಗಳೇ ಎಂದು ಕರೆಯುತ್ತಾರೆ. ರಾಜ್ಯೋತ್ಸವಕ್ಕೂ ಹಾಡಬೇಕೆಂದು ಈಗಲೇ ಹೇಳಿಟ್ಟಿದ್ದಾರೆ. ಬರೆದವರು ಯಾರೆಂದು ಗೊತ್ತಿಲ್ಲವಲ್ಲ, ಅಪ್ಪಾ, ಯಾರಿಗೆ ನಷ್ಟ? ಅವರ ಮುಖದ ಮೇಲಿನ ಖುಷಿ ನೀವು ನೋಡಬೇಕಿತ್ತು.

ಸುವರ್ಣಾ


ರಾಯಚೂರು
೮ ಏಪ್ರಿಲ್ ೨೦೦೧

ಸುವರ್ಣಾ,

ಆ ಹಾಡು ನನ್ನದು.

ಹುಬ್ಬಳ್ಳಿಯ ಮೇಳ ಯಾವುದೂ ಇಲ್ಲ. ದೀಪಾವಳಿಗೆ ನೀವು ಬಂದು ಹೋದ ಮೇಲೆ ಕಾಟಾದ ಮುಂದೆ ಕೂತು, ತೂಕದ ಚೀಟಿಗಳ ಹಿಂದೆ ಬರೆದೆ. ಎರಡು ತಿಂಗಳು ಹಿಡಿಯಿತು. ನಮ್ಮ ಗಿರಣಿಯ ಹಮಾಲ ಹುಲಗೇಶನಿಗೆ ಒಳ್ಳೆಯ ಕಂಠ ಇದೆ. ರಜೆಯ ದಿನ, ಮಷೀನು ನಿಂತಾಗ, ಗೋದಾಮಿನಲ್ಲಿ ಹತ್ತಿಯ ಅಂಡಿಗೆ ಮೂಟೆಗಳ ನಡುವೆ ಕೂಡಿಸಿ ಅವನ ಕೈಯಲ್ಲಿ ಹಾಡಿಸಿದೆ. ಟೇಪ್ ಅಂಗಡಿಯವನದು. ನನ್ನದೆಂದು ಹೇಳಿದರೆ ನಿಮ್ಮ ಮಾವ ಮುಖ ನೋಡಿ ಹೊಗಳಿಯಾರು ಎಂದು ಹೆಸರು ಮುಚ್ಚಿದೆ. ಅವರ ಬಾಯಿಂದ ನಿಜವಾದ ಮಾತು ಬೇಕಿತ್ತು ನನಗೆ.

ಈಗ ಅವರು ಕವಿಗಳು. ಮುನ್ನೂರು ಜನರ ಮುಂದೆ ನಕ್ಕು ಸುಮ್ಮನಾದರಂತೆ. ಇದು ನನ್ನದಲ್ಲ ಎನ್ನಲು ಎಷ್ಟು ಹೊತ್ತು ಬೇಕು? ಮಗಳನ್ನು ಕೊಟ್ಟೆ. ಕೊಡುವುದು ಪದ್ಧತಿ, ಕೊಟ್ಟೆ. ಹಾಡನ್ನು ನಾನು ಕೊಟ್ಟಿರಲಿಲ್ಲ.

ಈ ಪತ್ರವನ್ನು ಅವರಿಗೆ ಓದಿ ಹೇಳು.

ಬೂದೆಪ್ಪ


ಕೂಕಟ್‌ಪಲ್ಲಿ
೧೭ ಏಪ್ರಿಲ್ ೨೦೦೧

ಅಪ್ಪನವರಿಗೆ,

ನಿಮ್ಮ ಪತ್ರವನ್ನು ಯಾರಿಗೂ ಓದಿ ಹೇಳಿಲ್ಲ. ಹೇಳುವುದೂ ಇಲ್ಲ.

ನಿಮ್ಮ ಕೈಯಲ್ಲಿ ಬೆಳೆದವಳು ನಾನು. ನೀವು ಒಂದು ಸಾಲು ಬರೆದದ್ದನ್ನು ಕಂಡಿಲ್ಲ. "ಬರಿಯೋರು ಬ್ಯಾರೆ, ಕೇಳೋರು ಬ್ಯಾರೆ, ನಾವು ಕೇಳೋ ಮಂದಿ" ಎಂದು ನೀವೇ ಹೇಳುತ್ತಿದ್ದಿರಿ. ಮಾವನವರು ಹಾಡನ್ನು ಮೆಚ್ಚಿದಾಗ ಅದು ಹುಬ್ಬಳ್ಳಿಯವರದಾಗಿತ್ತು. ಅವರಿಗೆ ಚಪ್ಪಾಳೆ ಬಿದ್ದ ಕೂಡಲೇ ನಿಮ್ಮದಾಯಿತು. ತೆಲುಗು ಹಾಡಿಗೆ ಅಜ್ಜನ ಧಾಟಿ ಎಂದಿರಿ, ಆ ಪದ ಇವತ್ತಿನವರೆಗೂ ನೆನಪಾಗಲಿಲ್ಲ. ಟೇಪಿನ ಬೆಲ್ಟ್ ಹರಿದಿರಲಿಲ್ಲ. ಇಷ್ಟು ದಿನ ನನಗೆ ಇದೆಲ್ಲ ಏನೆಂದು ತಿಳಿದಿರಲಿಲ್ಲ. ಈಗ ತಿಳಿಯಿತು. ನೀವು ಮಾವನವರ ಮೇಲೆ ಹೊಟ್ಟೆಕಿಚ್ಚು ಪಡುತ್ತಿದ್ದೀರಿ. ನನಗೆ ನಾಚಿಕೆಯಾಯಿತು, ಅಪ್ಪಾ.

ನಾನೂ ಒಂದು ಮಾತು ಮುಚ್ಚಿಟ್ಟಿದ್ದೆ. ಮಾರ್ಚಿನಲ್ಲಿ ಇವರ ಕಂಪನಿಯಲ್ಲಿ ನಲವತ್ತು ಜನರನ್ನು ಒಂದೇ ದಿನ ಮನೆಗೆ ಕಳಿಸಿದರು. ಇವರೂ ಅದರಲ್ಲಿದ್ದಾರೆ. ಬೆಳಗ್ಗೆ ಅದೇ ಹೊತ್ತಿಗೆ ಎದ್ದು, ಸ್ನಾನ ಮಾಡಿ, ಇಸ್ತ್ರಿ ಅಂಗಿ ಹಾಕಿಕೊಂಡು ಗೋಡೆ ನೋಡುತ್ತ ಕೂರುತ್ತಾರೆ. ಅತ್ತೆಯವರು ಮಾತು ಬಿಟ್ಟಿದ್ದಾರೆ. ಸಂಜೆ ನಾಲ್ಕಕ್ಕೆ ಮಾವನವರು "ಬರ್ರಿ, ಒಂದು ಹಾಡು ಕೇಳೋಣು" ಎಂದು ಎಲ್ಲರನ್ನೂ ಕರೆಯುತ್ತಾರೆ. ಅದೊಂದು ಗಳಿಗೆ ಈ ಮನೆಯಲ್ಲಿ ಎಲ್ಲರ ಮುಖ ಮನುಷ್ಯರ ಮುಖವಾಗುತ್ತದೆ. ಅದರೊಳಗೆ ನಿಮ್ಮ ಜಗಳವನ್ನು ನಾನು ತಂದು ಹಾಕಲಾರೆ.

ಅವ್ವನಿಗೆ ಇದನ್ನು ಓದಿ ಹೇಳಬೇಡಿ.

ಸುವರ್ಣಾ


ರಾಯಚೂರು
೨೧ ಮೇ ೨೦೦೧

ಚಿ. ಸೌ. ಸುವರ್ಣಾಳಿಗೆ.

ಒಂದು ತಿಂಗಳು ಪೆನ್ನು ಹಿಡಿಯಲಾಗಲಿಲ್ಲ.

ನೀನು ಬರೆದದ್ದು ಸರಿ. ಅಜ್ಜನ ಧಾಟಿ ಸುಳ್ಳು. ನಮ್ಮಜ್ಜನಿಗೆ ಹಾಡಲು ಬರುತ್ತಲೇ ಇರಲಿಲ್ಲ. ಬೆಲ್ಟ್ ಸುಳ್ಳು. ಗಿರಣಿ ಕೆಲಸ ಸುಳ್ಳು. ಬೀಗರ ಹತ್ತು ಹಾಡು ಚೆನ್ನಾಗಿವೆ ಎಂದು ಕೇಳದೆಯೇ ಬರೆದಿದ್ದೆ. ಮೊನ್ನೆ ಕೇಳಿದೆ. ಏಳು ಬಹಳ ಒಳ್ಳೆಯವು. ಅವರು ಪಕ್ಕದಲ್ಲಿ ಬರೆದ ಮಾತುಗಳೂ ಒಳ್ಳೆಯವು.

ಗುಬ್ಬಿ ಹಾಡು ನನ್ನದು ಎಂದದ್ದೂ ಅಂಥದೇ. ಚಪ್ಪಾಳೆಯ ಸುದ್ದಿ ಓದಿ ತಲೆ ಕೆಟ್ಟಿತ್ತು. ಹುಬ್ಬಳ್ಳಿಯವರದೇ ಆ ಹಾಡು. ಬೀಗರು ಹಾಡಲಿ. ಯಾರಾದರೂ ಒಬ್ಬರು ಹಾಡಬೇಕಲ್ಲ.

ಅಳಿಯ ಸಾಯಿಕುಮಾರರ ವಿಷಯ ಓದಿ ಸಂಕಟವಾಯಿತು. ಅವರಿಗೆ ಏನು ಹೇಳಬೇಕೋ ನನಗೆ ತಿಳಿಯದು. ಇಬ್ಬರೂ ನಾಲ್ಕು ದಿನ ಬಂದು ಹೋಗಿ. ನಾನು ಏನನ್ನೂ ಕೇಳುವುದಿಲ್ಲ.

ಈ ಪತ್ರ ಬರೆಯುವಾಗ ಸಾಲು ಸಾಲು ಓದಿ ಹೇಳು ಎಂದು ನಿಮ್ಮವ್ವ ಹಟ ಹಿಡಿದಳು. ಕೇಳಿ, "ಇದನ್ನ ಟಪಾಲ ಡಬ್ಬ್ಯಾಗ ಹಾಕಿದ್ರಂದ್ರ ನಾ ನಿಮ್ಮ ಕೂಡ ಮಾತಾಡಂಗಿಲ್ಲ" ಎಂದಳು. ಹಾಕುತ್ತಿದ್ದೇನೆ.

ಅಪ್ಪ


ಕೂಕಟ್‌ಪಲ್ಲಿ
೨೪ ಜೂನ್ ೨೦೦೧

ಅಪ್ಪಾ,

ಹೋದ ಭಾನುವಾರ ಮಧ್ಯಾಹ್ನ ಒಬ್ಬಾತ ಬಾಗಿಲು ಬಡಿದ. ಮೂವತ್ತರ ಹತ್ತಿರದ ವಯಸ್ಸು, ಬಿಳಿ ಟೊಪ್ಪಿಗೆ, ಕೈಯಲ್ಲಿ ಬಟ್ಟೆಯ ಗಂಟು. "ನಿಮ್ಮವ್ವಾರು ಪಾರ್ವತೆಮ್ಮಾರು ಶೇಂಗಾ ಚಟ್ನಿ ಕೊಟ್ಟಾರ್ರಿ ಅಕ್ಕಾರ. ಕೈಯಾಗ ಕೊಟ್ಟು, ನೀರು ಕುಡುದು, ಒಂದು ಹಾಡು ಹೇಳಿ ಬಾ ಅಂದಾರ್ರಿ" ಎಂದ. ಗಿರಣಿ ಹಂಗಾಮು ಮುಗಿದ ಮೇಲೆ ಮಾದಾಪುರದಲ್ಲಿ ಕಟ್ಟಡದ ಕೆಲಸಕ್ಕೆ ಬಂದಿದ್ದಾನಂತೆ. ಹೆಸರು ಕೇಳಿದರೆ ಹುಲಗೇಶ ಎಂದ.

ಮಾವನವರು ಒಳಗೆ ಕರೆದು ಕೂರಿಸಿದರು. "ಯಾವ ಹಾಡು ಬರ್ತದಪಾ ನಿನಗ?" ಎಂದರು. ಅವನು ಮೊಣಕಾಲಿನ ಮೇಲೆ ತಾಳ ಹಾಕಿ ಶುರು ಮಾಡಿದ. ಎರಡು ಅಕ್ಷರ ಸಾಕಾಯಿತು. ಆ ದನಿಯನ್ನು ಈ ಮನೆಯಲ್ಲಿ ಐದು ತಿಂಗಳಿನಿಂದ ದಿನಾ ಕೇಳಿದ್ದೇವೆ.

ಮುಗಿದ ಮೇಲೆ ಮಾವನವರು ಕೇಳಿದರು, "ಇದು ಯಾರು ಬರದದ್ದು?"

"ಕಾಟಾದ ಮ್ಯಾಲಿನ ಬೂದೆಪ್ಪ ಸಾಹುಕಾರ್ರು ಬರದಾರ್ರಿ. ಅಲ್ಲೆ ಒಂದು ಶಬ್ದ ಐತಿ ನೋಡ್ರಿ, ಏಕಾಂತ ಅಂತ, ನನ್ನ ನಾಲಿಗಿ ಹೊಳ್ಳವಲ್ದಾಗಿತ್ತು. ತೆಗೀರಿ ಅಂದ್ರ ತೆಗೀಲಿಲ್ಲ ಅವ್ರು. ಹದಿನಾಕು ಸಲ ಹಾಡಿಸ್ಯಾರ್ರಿ."

ಮಾವನವರು ಅವನಿಗೆ ಊಟ ಹಾಕಿಸಿ ಕಳಿಸಿದರು. ಆಮೇಲೆ ನಾಲ್ಕು ದಿನ ಟೇಪಿಗೆ ಕೈ ಹಚ್ಚಲಿಲ್ಲ. ಸಂಜೆ ನಾಲ್ಕಕ್ಕೆ ಯಾರನ್ನೂ ಕರೆಯಲಿಲ್ಲ. ಐದನೇ ದಿನ ನಾನು ಚಹಾ ಒಯ್ದಾಗ, "ಮುನ್ನೂರು ಮಂದಿ ಮುಂದ ನಾ ಹಲ್ಲು ಕಿಸದು ಕುಂತೆ. ಮೈಕ್ ನನ್ನ ಕೈಯಾಗ ಇತ್ತು" ಎಂದರು. ಆಮೇಲೆ ಬೇರೆ ಕಡೆ ನೋಡುತ್ತ, "ಬೀಗರು ಇದೊಂದ ಬರದಾರೋ, ಇನ್ನೂ ಅದಾವೋ?" ಎಂದರು. ಆ ದನಿ ನನಗೆ ಗುರುತಿತ್ತು. ನಿಮ್ಮ ಪತ್ರಗಳಲ್ಲಿ ಒಂದು ವರ್ಷ ಓದಿದ ದನಿ ಅದು.

ಯುಗಾದಿ ಕಾರ್ಯಕ್ರಮ ಮಾಡಿದ ಕನ್ನಡ ಸಂಘದವರನ್ನು ಕಂಡು ಅವರೇ ನಿಜ ಹೇಳಿ ಬಂದಿದ್ದಾರೆ. ರಾಜ್ಯೋತ್ಸವಕ್ಕೆ ನಿಮ್ಮನ್ನು ಕರೆಯುತ್ತಾರಂತೆ. ಇವರಿಗೆ ಸಿಕಂದರಾಬಾದಿನಲ್ಲಿ ಒಂದು ಚಿಕ್ಕ ಕಂಪನಿಯಲ್ಲಿ ಕೆಲಸ ಸಿಕ್ಕಿದೆ. ಮೊದಲಿನಷ್ಟಲ್ಲ, ಆದರೂ ಇವರು ಈಗ ನಗುತ್ತಾರೆ.

ಏಪ್ರಿಲ್‌ನಲ್ಲಿ ನಾನು ಬರೆದದ್ದಕ್ಕೆ ಕ್ಷಮೆ ಕೇಳಬೇಕು, ಕೇಳುತ್ತೇನೆ. ಆದರೆ ನನ್ನ ಸಿಟ್ಟು ಹೋಗಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಮೊದಲ ಹಾಡು ಬರೆದಿರಿ. ಹುಲಗೇಶನಿಗೆ ತೋರಿಸಿದಿರಿ. ಅಂಗಡಿಯವನಿಗೆ ಗೊತ್ತು, ಅವ್ವನಿಗೆ ಗೊತ್ತು. ಹೆಸರು ಮುಚ್ಚಿ ಮಾವನವರ ಮಾತು ಕಾದಿರಿ. ನನಗೆ ಮಾತ್ರ ಹೇಳಲಿಲ್ಲ. ಹುಲಗೇಶ ಹದಿನಾಲ್ಕು ಸಲ ಎಂದಾಗ ನನಗೆ ಅವನ ಮೇಲೆ ಹೊಟ್ಟೆ ಉರಿಯಿತು. ಅವನ ತಾಟಿಗೆ ತುಪ್ಪ ಹಾಕಲಿಲ್ಲ ನಾನು. ಬೇಕೆಂದೇ ಹಾಕಲಿಲ್ಲ.

ಯಾಕೆ ಹೇಳಲಿಲ್ಲ, ಅಪ್ಪಾ?

ಸುವರ್ಣಾ


ರಾಯಚೂರು
೩೦ ಜೂನ್ ೨೦೦೧

ಮಗಳೇ,

ಬೀಗರು ನಾಲ್ಕು ದಿನ ಟೇಪ್ ಮುಟ್ಟಲಿಲ್ಲ ಎಂಬಲ್ಲಿಗೆ ಬಂದಾಗ ನನಗೆ ಸಂತೋಷವಾಯಿತು. ಆ ಸಾಲನ್ನು ಎರಡು ಸಲ ಓದಿದೆ. ಸಂತೋಷವಾಯಿತಲ್ಲ ಎಂದು ನಾಚಿಕೆಯೂ ಆಯಿತು. ಆದರೆ ನಿನಗೆ ಇನ್ನು ಸುಳ್ಳು ಬರೆಯುವುದಿಲ್ಲ ಎಂದು ನಿಮ್ಮವ್ವನ ಮುಂದೆ ಒಪ್ಪಿಕೊಂಡಿದ್ದೇನೆ. ಒಂದು ತಿಂಗಳು ಮಾತು ಬಿಟ್ಟಿದ್ದಳು. ನಿನ್ನ ಪತ್ರ ಓದಿ ಹೇಳಿದ ಮೇಲೆ "ಏನ್ರಿ ಕವಿಗಳ, ಊಟಕ್ಕ ಏಳ್ರಿ" ಎಂದಳು.

ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಹುಲಗೇಶನ ಮುಂದೆ ನನಗೆ ಭಯವಿರಲಿಲ್ಲ. ಬೀಗರು ಚೆನ್ನಾಗಿಲ್ಲ ಎಂದಿದ್ದರೆ ಅವರಿಗೆ ಕಿವಿ ಇಲ್ಲ ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದೆ. ನೀನು ಹಾಗೆಂದಿದ್ದರೆ ಏನು ಮಾಡಲಿ? ನಿನ್ನ ಕಿವಿಯನ್ನು ತಯಾರು ಮಾಡಿದವನೇ ನಾನು. ಅದು ಸುಳ್ಳು ಹೇಳುವುದಿಲ್ಲ. ಆ "ಏಕಾಂತ" ಪದ ಒಂದನ್ನು ನೀನು ಹಿಡಿದಾಗ ಮೂರು ದಿನ ನನಗೆ ಸರಿ ನಿದ್ದೆ ಬರಲಿಲ್ಲ. ಅದನ್ನು ಈಗ ತೆಗೆದಿದ್ದೇನೆ. ಬೇರೆ ಪದ ಇನ್ನೂ ಸಿಕ್ಕಿಲ್ಲ.

ಇನ್ನೂ ಇವೆಯೋ ಎಂದು ಬೀಗರು ಕೇಳಿದರಲ್ಲ. ಒಂದಿದೆ, ಅರ್ಧ ಆಗಿದೆ. ಅವರಿಗೆ ಹೇಳಬೇಡ. ಹೇಳಿದರೂ ನಡೆದೀತು. ಮುಂದಿನ ಶನಿವಾರ ನಾನು ಮತ್ತು ನಿಮ್ಮವ್ವ ಬೆಳಗಿನ ಬಸ್ಸಿಗೆ ಹೊರಡುತ್ತೇವೆ. ನಾಲ್ಕು ಗಂಟೆಗೆ ಎಲ್ಲರೂ ಕೂತು ಹಾಡು ಕೇಳೋಣ. ಅವರ ಹಾಡು ಮೊದಲು ಹಾಕಲಿ, ನಾನು ಏನೂ ಅನ್ನುವುದಿಲ್ಲ. ಚಹಾ ಆದ ಮೇಲೆ ಬೀಗರು ಎಲೆ ಅಡಿಕೆ ತರಲು ಕೆಳಗೆ ಹೋಗುತ್ತಾರೆಂದು ನೀನೇ ಫೋನಿನಲ್ಲಿ ಹೇಳಿದ್ದೆ. ಹೋಗಿ ಬರಲು ಹತ್ತು ನಿಮಿಷವಾದರೂ ಬೇಕಲ್ಲ. ಆಗ ಆ ಅರ್ಧ ಹಾಡನ್ನು ನಿನಗೊಬ್ಬಳಿಗೇ ಓದಿ ತೋರಿಸುತ್ತೇನೆ.

ಅಪ್ಪ